ನೂರ ಹನ್ನೆರಡನೆಯ ಹೃದಯ

“ಮೂರು ಗಂಟೆಗೆ ಇಬ್ಬರೂ ಒಟ್ಟಿಗೆ ಕೂತು ನೋಡಿಬಿಡೋಣ” ಎಂದು ಪ್ರಯೋಗಾಲಯದ ಮುಖ್ಯಸ್ಥರಾದ ದೊಡ್ಡವರು ಬಾಗಿಲಲ್ಲೇ ನಿಂತು ಹೇಳಿ ಹೋದಾಗ, ಆ ‘ಒಟ್ಟಿಗೆ’ಯಲ್ಲಿ ಏನೋ ಇದೆ ಎಂದು ಅವನಿಗೆ ಅನ್ನಿಸಿತು. ಒಳಗೆ ಬಂದು ಹೇಳಬಹುದಿತ್ತು. ಕುರ್ಚಿ ಖಾಲಿಯೇ ಇತ್ತು. ಇಪ್ಪತ್ತೆರಡು ವರ್ಷಗಳಿಂದ ದೊಡ್ಡವರು ಅವನ ಕೋಣೆಗೆ ಬಂದರೆ ಮೊದಲು ಕಿಟಕಿಯ ಹತ್ತಿರ ಹೋಗಿ, ಹೊರಗೆ ನೋಡುತ್ತಾ, “ಏನಪ್ಪಾ ತಕ್ಕಡಿ, ಏನಂತಾವೆ ನಿನ್ನ ಇಲಿಗಳು?” ಎಂದು ಕೇಳಿ, ಆಮೇಲೆ ವಿಷಯಕ್ಕೆ ಬರುವುದು ರೂಢಿ. ಇವತ್ತು ಕಿಟಕಿಯೂ ಇಲ್ಲ, ತಕ್ಕಡಿಯೂ ಇಲ್ಲ. ತಕ್ಕಡಿ ಎನ್ನುವುದು ಪ್ರಯೋಗಾಲಯದಲ್ಲಿ ಅವನಿಗೆ ಬಿದ್ದ ಹೆಸರು. ಇಲಿಯ ಹೃದಯದ ಒಂದು ತೆಳು ಚೂರನ್ನು ಗಾಜಿನ ಮೇಲೆ ಅಂಟಿಸಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ, ಅದರಲ್ಲಿ ಉರಿಯೂತ ಎಷ್ಟಿದೆ ಎಂದು ಸೊನ್ನೆಯಿಂದ ಮೂರರವರೆಗೆ ತೂಗಿ ಹೇಳುವುದು ಅವನ ಕೆಲಸ. ಗುಲಗಂಜಿಯಷ್ಟೂ ಹೆಚ್ಚುಕಡಿಮೆ ಆಗುವುದಿಲ್ಲವೆಂದು ಯಾರೋ ಹಿಂದೆ ಹೊಗಳಿದ್ದು ಹೆಸರಾಗಿ ನಿಂತಿತ್ತು. ಹೊಗಳಿಕೆಯೋ ಗೇಲಿಯೋ ಎಂದು ಅವನು ಮೊದಲ ವರ್ಷವೆಲ್ಲ ಅನುಮಾನಪಟ್ಟಿದ್ದ. ಆಮೇಲೆ ಒಗ್ಗಿಹೋಗಿತ್ತು. ಇವತ್ತು ಅದು ಕಿವಿಗೆ ಬೀಳದೆ ಹೋದಾಗಲೇ ಎಷ್ಟು ಬೇಕಾಗಿತ್ತು ಎಂದು ತಿಳಿದದ್ದು.

ಈ ಸಲದ ಕೆಲಸ ಕಾಡಿಲಿಗಳದ್ದು. ಸಾಕಿದ ಬಿಳಿ ಇಲಿಗಳಲ್ಲ. ಹಳೆಯ ಗೋದಾಮುಗಳಲ್ಲಿ, ಕಾಲುವೆಯ ದಂಡೆಯಲ್ಲಿ ಬೋನಿಟ್ಟು ಹಿಡಿದವು. ಅವುಗಳಲ್ಲಿ ಕೆಲವಕ್ಕೆ ಒಂದೇ ಕೋಶದ ಒಂದು ಪರಾವಲಂಬಿ ತಗುಲಿಕೊಂಡಿರುತ್ತದೆ. ಅದು ರಕ್ತದಲ್ಲಿ ಸಾಗಿ ಬಂದು ಹೃದಯದ, ತೊಡೆಯ ಸ್ನಾಯುಗಳ ಎಳೆಯೊಳಗೆ ಹೊಕ್ಕು ಬಿಡಾರ ಹೂಡುತ್ತದೆ. ಹೂಡಿದ್ದು ಕಣ್ಣಿಗೆ ಬೀಳುವುದು ಅಪರೂಪ. ಕಣ್ಣಿಗೆ ಬೀಳುವುದು ಅದನ್ನು ಹುಡುಕಿಕೊಂಡು ಬಂದ ದೇಹದ ಕಾವಲಿನ ಕೋಶಗಳು, ಬಣ್ಣ ಹಾಕಿದಾಗ ಗುಲಾಬಿ ಎಳೆಗಳ ನಡುವೆ ಕಡುನೀಲಿ ಚುಕ್ಕೆಗಳ ಗುಂಪು. ಕಳ್ಳ ನುಗ್ಗಿದನೆಂದು ಕೂಗು ಬಿದ್ದ ಮನೆಯ ಮುಂದೆ ಜನ ನೆರೆದ ಹಾಗೆ. ಎಷ್ಟೋ ಸಲ ಕಳ್ಳ ಅಲ್ಲಿ ಇರುವುದೇ ಇಲ್ಲ. ನೆರೆದವರೇ ನೂಕಾಡಿ ಬಾಗಿಲು ಮುರಿದಿರುತ್ತಾರೆ, ಹೃದಯದ ಎಳೆ ಹರಿದಿರುತ್ತದೆ. ಯಾವ ಇಲಿಗೆ ಸೋಂಕಿತ್ತು, ಯಾವುದು ಎಲ್ಲಿಯದು ಎಂಬ ಪಟ್ಟಿ ದೊಡ್ಡವರ ಮೇಜಿನ ಖಾನೆಯಲ್ಲಿ ಬೀಗದೊಳಗೆ. ಗಾಜಿನ ಮೇಲೆ ಬರೀ ಅಂಕಿ. ಇಬ್ಬರು ಓದುಗರು ಬೇರೆ ಬೇರೆ ಕೋಣೆಯಲ್ಲಿ ಕೂತು, ಒಬ್ಬರಿಗೊಬ್ಬರು ಹೇಳದೆ, ಏನೂ ತಿಳಿಯದೆ ಓದಬೇಕು. ತಿಳಿಯದೆ ಓದುವುದೇ ಈ ಕೆಲಸದ ಮರ್ಯಾದೆ. ಆಮೇಲೆ ಎರಡು ಪಟ್ಟಿ ತಾಳೆ ನೋಡುತ್ತಾರೆ. ಹೊಂದದೆ ಹೋದವನ್ನು ಜೋಡಿ ಕಣ್ಣಿನ ಸೂಕ್ಷ್ಮದರ್ಶಕದಲ್ಲಿ, ಇಬ್ಬರೂ ಒಂದೇ ಗಾಜನ್ನು ಏಕಕಾಲಕ್ಕೆ ನೋಡಿ, ಒಂದು ಮಾತಿಗೆ ಬರಬೇಕು. ಹಿಂದಿನ ಎರಡನೆಯ ಓದುಗ ನಿವೃತ್ತನಾಗುವವರೆಗೆ ಹೊಂದದೆ ಉಳಿಯುತ್ತಿದ್ದದ್ದು ಮೂರೋ ನಾಲ್ಕೋ. ಅವುಗಳಲ್ಲೂ ಆ ಪುಣ್ಯಾತ್ಮ, “ನೀವು ಹೇಳಿದ್ರೆ ಮುಗೀತು ಬಿಡಿ” ಎಂದು ಕೈ ತೊಳೆದುಕೊಳ್ಳುತ್ತಿದ್ದ.

ಈಗ ಎರಡನೆಯ ಓದು ಒಬ್ಬ ಹುಡುಗಿಯದು. ಬಂದು ಏಳು ತಿಂಗಳು. ನೋಡುವಾಗ ಬಾಯಲ್ಲೇ ಏನೋ ಗುನುಗುತ್ತಾಳೆ; ಗೋಡೆಯಾಚೆಯಿಂದ ಅದು ಅವನಿಗೆ ಕೇಳಿಸುತ್ತದೆ. ಗುನುಗು ನಿಲ್ಲುವುದೇ ಇಲ್ಲವೆಂಬುದು ಅವನ ಮೊದಲ ಅನುಮಾನ. ಅನುಮಾನ ಬರುವ ಕಡೆ ಯಾರಾದರೂ ನಿಲ್ಲಬೇಕು, ಉಸಿರು ಹಿಡಿಯಬೇಕು. ಇವಳು ನಿಲ್ಲದೆ ಬರೆಯುತ್ತಾ ಹೋಗುತ್ತಾಳೆಂದರೆ ಉತ್ತರ ಮೊದಲೇ ಗೊತ್ತಿರಬೇಕು. ದೊಡ್ಡವರ ಖಾನೆಯ ಬೀಗ ಎಂಥದ್ದೆಂದು ಅವನಿಗೆ ಗೊತ್ತು. ಒಂದು ಪಿನ್ನಿಗೆ ಬಾಯಿ ಬಿಡುವಂಥದ್ದು. ಅವಳು ಮಧ್ಯಾಹ್ನ ಊಟ ಮಾಡುವುದು ರಕ್ತ ಪರೀಕ್ಷೆ ವಿಭಾಗದವರ ಜೊತೆ; ಯಾವ ಇಲಿಗೆ ಸೋಂಕಿತ್ತೆಂದು ಮೊದಲು ತಿಳಿಯುವುದು ಅವರಿಗೇ. ಬಂದ ಹೊಸದರಲ್ಲಿ ಒಮ್ಮೆ, “ಸರ್, ನಿಮಗೆ ಯಾವತ್ತೂ ಡೌಟೇ ಬರಲ್ವಾ?” ಎಂದು ಕಣ್ಣರಳಿಸಿ ಕೇಳಿದ್ದಳು. ಅವನು ಉಬ್ಬಿ ಹೋಗಿ, ಬರಬೇಕಾದರೆ ಇಷ್ಟು ವರ್ಷ ಯಾಕೆ ಬೇಕಿತ್ತಮ್ಮಾ ಎಂದಿದ್ದ. ಆ ಮಾತನ್ನು ಈಗ ಹಿಂದಕ್ಕೆ ತಿರುಗಿಸಿ ನೋಡಿದರೆ ಅದರ ಬೆನ್ನಲ್ಲಿ ಬೇರೇನೋ ಬರೆದಿರುವಂತೆ ಕಂಡಿತು.

ಹನ್ನೊಂದಕ್ಕೆ ಟೀ ಕೋಣೆಗೆ ಹೋದಾಗ ಅವಳೂ ಕತ್ತರಿಸುವವನೂ ಮಾತಾಡುತ್ತಿದ್ದವರು ತಟ್ಟನೆ ಸುಮ್ಮನಾದರು. ಕತ್ತರಿಸುವವನೆಂದರೆ ಮೇಣದಲ್ಲಿ ಹುದುಗಿಸಿದ ಹೃದಯವನ್ನು ಈರುಳ್ಳಿ ಪೊರೆಗಿಂತ ತೆಳ್ಳಗೆ ಹೋಳು ಮಾಡಿ ಗಾಜಿಗೆ ಏರಿಸುವವನು. ಕೈ ಎಷ್ಟು ಸಣ್ಣಗೆ ಆಡುತ್ತದೋ ಬಾಯಿ ಅಷ್ಟು ಧಾರಾಳ. ಅಂಥವನು ಬಾಯಿ ಮುಚ್ಚಿದ್ದು ಸಹಜವಲ್ಲ. ಕತ್ತರಿಸುವವನು ಲೋಟ ಎತ್ತಿಕೊಂಡು, “ಕೆಲಸ ಇದೆ ಸಾರ್” ಎಂದು ಜಾಗ ಖಾಲಿ ಮಾಡಿದ.

“ಟೀ ಹಾಕ್ಲಾ ಸರ್?” ಎಂದಳು ಹುಡುಗಿ.

“ನಾನೇ ಹಾಕ್ಕೋತೀನಿ.”

“ಮೂವತ್ತೊಂದಂತೆ ಸರ್.”

“ಏನು ಮೂವತ್ತೊಂದು?”

“ನಮ್ಮಿಬ್ಬರದ್ದು ಹೊಂದದೆ ಇರೋದು. ದೊಡ್ಡವರು ಬೆಳಿಗ್ಗೆ ಹೇಳಿದ್ರು. ನಿಮಗೆ ಹೇಳ್ಲಿಲ್ವಾ?” ಅವಳು ಚಮಚವನ್ನು ಸುಮ್ಮನೆ ತಿರುಗಿಸಿದಳು. “ಮೂವತ್ತೊಂದರಲ್ಲೂ ನಿಮ್ಮದೇ ಜಾಸ್ತಿ, ನಂದೇ ಕಮ್ಮಿ. ನಾನೇ ಎಲ್ಲೋ ಎಡವಟ್ಟು ಮಾಡಿರ್ಬೇಕು ಸರ್.”

ಟೀ ಚೆಲ್ಲಿತು. ಅವಳು ಬಟ್ಟೆ ತಂದು ಒರೆಸಿದಳು. ಅವನ ಕೈಯ ಪಕ್ಕ, ಕೈಗೆ ತಾಗದ ಹಾಗೆ, ವಯಸ್ಸಾದವರ ಮುಂದೆ ಒರೆಸುವ ಹಾಗೆ. ಅವಳಿಗೆ ಬೆಳಿಗ್ಗೆಯೇ ಹೇಳಿದ್ದಾರೆ. ಒಳಗೆ ಕರೆದು, ಕೂರಿಸಿ ಹೇಳಿದ್ದಾರೆ. ತನಗೆ ಬಾಗಿಲಲ್ಲಿ ನಿಂತು. ನಾನೇ ಎಡವಿರಬೇಕು ಎನ್ನುವ ವಿನಯದಲ್ಲಿ ಇವಳು ಗಾಳಕ್ಕೆ ಎರೆಹುಳು ಸಿಕ್ಕಿಸುತ್ತಿದ್ದಾಳೆ. ನಾನು ಹೌದಮ್ಮಾ ಎನ್ನಲಿ, ಆಗ ಮೂರು ಗಂಟೆಗೆ ದೊಡ್ಡವರ ಮುಂದೆ ಪಟ್ಟಿ ತೆಗೆದು ನನ್ನ ಮಾನ ಹರಾಜು ಹಾಕುತ್ತಾಳೆ. ಅವನು ಅರ್ಧ ಲೋಟ ಟೀ ಹಿಡಿದುಕೊಂಡೇ ಕೋಣೆಗೆ ಬಂದು ಬಾಗಿಲು ಹಾಕಿಕೊಂಡ. ಅಂಗಿಯ ಜೇಬಿನಲ್ಲಿ ಯಾವಾಗಲೂ ಇರುವ ಮೇಣದ ಚೂರನ್ನು ತೆಗೆದು ಬೆರಳಲ್ಲಿ ಹೊಸೆಯತೊಡಗಿದ. ಯೋಚನೆ ಹತ್ತಿದರೆ ಬೆರಳಿಗೆ ಮೇಣ ಬೇಕು. ಈ ಅಭ್ಯಾಸಕ್ಕೆ ಮನೆಯಲ್ಲಿ ಹೆಂಡತಿಯ ಆಕ್ಷೇಪಣೆ ಇತ್ತು. ಒಗೆಯುವಾಗ ಅಂಗಿಯ ಜೇಬೆಲ್ಲ ಜಿಡ್ಡು. ಆಕ್ಷೇಪಣೆ ಎಂದರೆ ಒಂದು ಕಾಲದಲ್ಲಿ ಇತ್ತು. ಈಗ ಜೇಬು ನೋಡಿ, ಚೂರನ್ನು ತೆಗೆದು ಮೇಜಿನ ಮೇಲೆ ಇಡುತ್ತಾಳೆ, ಅಷ್ಟೆ. ಆ ಮೇಜಿನ ಮೇಲೆ ಅವಳ ಕೈಚೀಲವೂ ಇರುತ್ತದೆ. ಬಾಯಿ ತೆರೆದುಕೊಂಡು.

ಒಂಬತ್ತು ವರ್ಷದಿಂದ ಆ ಚೀಲ ಬಾಯಿ ತೆರೆದುಕೊಂಡೇ ಇದೆ. ಆಗ ಅವಳು ಅಂಚೆ ವಿಂಗಡಿಸುವ ಕಛೇರಿಯಿಂದ ಬುಧವಾರ ಬುಧವಾರ ಅರ್ಧ ಗಂಟೆ ತಡವಾಗಿ ಬರತೊಡಗಿದ್ದಳು. ಅವನು ಏನೂ ಕೇಳಲಿಲ್ಲ. ಕೇಳಿದರೆ ಸುಳ್ಳು ಬರುತ್ತದೆ, ನೋಡಿದರೆ ನಿಜ ಬರುತ್ತದೆ ಎಂಬುದು ಅವನ ವೃತ್ತಿಯ ನಂಬಿಕೆ. ನಾಲ್ಕು ಬುಧವಾರ ಗಡಿಯಾರ ನೋಡಿದ. ಚಪ್ಪಲಿಯ ಧೂಳು ನೋಡಿದ. ಐದನೆಯ ಬುಧವಾರ ಅವಳು ಸ್ನಾನಕ್ಕೆ ಹೋದಾಗ ಚೀಲದ ಜಿಪ್ಪು ಎಳೆದು ಕೈ ಹಾಕಿದ. ಬಾಚಣಿಗೆ, ಕನ್ನಡಕದ ಡಬ್ಬಿ, ಮೊಂಡಾದ ಪೆನ್ಸಿಲ್, ಹಳೆಯ ಬಸ್ ಟಿಕೆಟ್ಟುಗಳು, ಕಾಗದದಲ್ಲಿ ಸುತ್ತಿದ ನಾಲ್ಕು ಪೆಪ್ಪರ್‌ಮಿಂಟ್. ಟಿಕೆಟ್ಟುಗಳನ್ನು ಒಂದೊಂದಾಗಿ ಬಿಡಿಸಿ ದಿನಾಂಕ ನೋಡುತ್ತಿದ್ದಾಗ ಅವಳು ಬಂದು ನಿಂತಿದ್ದಳು, ಒದ್ದೆ ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು, ಅವನ ಇನ್ನೊಂದು ಕೈ ಮಣಿಕಟ್ಟಿನವರೆಗೆ ಚೀಲದೊಳಗಿತ್ತು. ಕೂಗಾಡಿದ್ದರೆ ಚೆನ್ನಾಗಿತ್ತು. “ಬುಧವಾರ ಎರಡು ಸ್ಟಾಪ್ ಮೊದಲೇ ಇಳಿದು ನಡೆದು ಬರ್ತೀನಿ. ಮನೆಗೆ ಬೇಗ ಬರ್ಬೇಕು ಅನ್ಸಲ್ಲ ಒಂದೊಂದಿನ” ಎಂದಷ್ಟೇ ಹೇಳಿ ತಲೆ ಒರೆಸಿಕೊಂಡಳು. ಮಾರನೆಯ ಸಂಜೆ ಚೀಲವನ್ನು ತಂದು, ಜಿಪ್ಪು ಪೂರ್ತಿ ತೆರೆದು, ಬಾಯಿ ಅವನ ಕುರ್ಚಿಯ ಕಡೆಗೆ ಮಾಡಿ ಇಟ್ಟಳು. ಅಂದಿನಿಂದ ಪ್ರತಿ ಸಂಜೆ ಹಾಗೆಯೇ. ತೆಗೆದುಕೋ, ನೋಡಿಕೋ. ಒಂದು ದಿನವೂ ತಪ್ಪಿಲ್ಲ. ಆದರೆ ಬಸ್ಸಿನಲ್ಲಿ ಅದನ್ನು ಕಂಕುಳಲ್ಲಿ ಬಿಗಿಯಾಗಿ ಅವುಚಿಕೊಂಡಿರುವುದನ್ನು ಅವನು ಎರಡು ಸಲ ಕಣ್ಣಾರೆ ಕಂಡಿದ್ದ. ಮನೆಯಲ್ಲಿ ತೋರಿಸುವುದಕ್ಕೊಂದು, ಹೊರಗೆ ಮುಚ್ಚುವುದಕ್ಕೊಂದು ಇರಬೇಕು ಎಂದುಕೊಂಡಿದ್ದ. ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯೂ ಆಗಿತ್ತು. ನಾಚಿಕೆಯಾದದ್ದರಿಂದ ಅನುಮಾನವೇನೂ ಹೋಗಿರಲಿಲ್ಲ.

ಒಟ್ಟಿಗೆ ಕೂರುವ ದಿನ ಗಾಜುಗಳನ್ನು ಮುಂಚಿತವಾಗಿ ಯಾರೂ ನೋಡಬಾರದೆಂಬುದು ನಿಯಮ. ನಿಯಮ ಬರೆದವರಲ್ಲಿ ಅವನೂ ಒಬ್ಬ. ಆದರೆ ಅವಳು ಪಟ್ಟಿಯನ್ನೇ ಕದ್ದು ನೋಡಿರುವಾಗ ಇದೊಂದು ದೊಡ್ಡ ತಪ್ಪಲ್ಲ ಎಂದು ಸಮಾಧಾನ ಮಾಡಿಕೊಂಡು, ಪಕ್ಕದ ಕಪಾಟಿನಲ್ಲಿ ದೊಡ್ಡವರ ಗುರುತು ಹಾಕಿ ಬೇರೆ ಇಟ್ಟಿದ್ದ ತಟ್ಟೆಯನ್ನು ಎಳೆದುಕೊಂಡ. ಮೂವತ್ತೊಂದು ಗಾಜು. ಎಲ್ಲಕ್ಕಿಂತ ಮುಂದೆ ನೂರ ಹನ್ನೆರಡು. ಅದು ಚೆನ್ನಾಗಿ ನೆನಪಿತ್ತು. ಹೃದಯ, ಉರಿಯೂತ ಮೂರು. ನೀಲಿ ಕೋಶಗಳು ಎಳೆಗಳ ಸಂದಿಯಲ್ಲೆಲ್ಲ ಕಿಕ್ಕಿರಿದಿದ್ದವು. ಅದಕ್ಕೆ ಕಮ್ಮಿ ಕೊಟ್ಟವರ ಕಣ್ಣನ್ನೇ ಪರೀಕ್ಷೆ ಮಾಡಿಸಬೇಕು ಎಂದುಕೊಳ್ಳುತ್ತಾ ಅವನು ದೀಪ ಹೊತ್ತಿಸಿ ಬಾಗಿದ.

ಮೊದಲು ಕಂಡದ್ದು ಗೀರು. ಹೃದಯದ ಈ ಅಂಚಿನಿಂದ ಆ ಅಂಚಿಗೆ, ನೇರವಾಗಿ, ಕೂದಲೆಳೆಗಿಂತ ಸಪೂರವಾದ ಒಂದು ಬಿಳಿ ಗೀರು. ಅಲಗು ಚಕ್ಕೆ ಎದ್ದಾಗ ಹೋಳಿನ ಮೇಲೆ ಬೀಳುವಂಥದ್ದು. ಅದನ್ನು ದಾಟಿ ಎಳೆಗಳತ್ತ ಹೋದ. ಎಳೆಗಳು ಸಾಲಾಗಿ, ಶಾಂತವಾಗಿ ಮಲಗಿದ್ದವು. ನೀಲಿ ಗುಂಪು ಎಲ್ಲೋ ಮೂಲೆಯಲ್ಲಿರಬೇಕು. ಎಡಕ್ಕೆ ಹೋದ, ಬಲಕ್ಕೆ ಹೋದ, ಮೇಲಿನಿಂದ ಕೆಳಗೆ ಉಳುವವರ ಹಾಗೆ ಸಾಲು ಸಾಲು ಬಂದ. ಎಳೆಗಳ ತಮ್ಮವೇ ಆದ ನ್ಯೂಕ್ಲಿಯಸ್ಸುಗಳು, ಅಲ್ಲೊಂದು ಇಲ್ಲೊಂದು, ಇರಬೇಕಾದಷ್ಟೇ. ಒಂದು ರಕ್ತನಾಳ. ಅದರ ಪಕ್ಕ ನಾಲ್ಕೈದು ಚುಕ್ಕೆ, ಅವೂ ನಾಳದವೇ. ಅಂಕಿ ಮತ್ತೆ ನೋಡಿದ. ನೂರ ಹನ್ನೆರಡೇ. ಗಾಜು ಬದಲಾಯಿಸಿದ್ದಾಳೆ ಎಂಬ ಯೋಚನೆ ಬಂದು ಒಂದು ಕ್ಷಣ ಎದೆ ಹಗುರವಾಯಿತು. ಆದರೆ ಗೀರು ಅದೇ ಗೀರು. ಅವನ ದಾಖಲೆಯ ಅಂಚಿನಲ್ಲಿ ಅವನದೇ ಕೈಬರಹದಲ್ಲಿ ‘ಅಲಗಿನ ಗೀರು ಇದೆ’ ಎಂದೂ ಇತ್ತು.

ಎರಡನೆಯ ಗಾಜಿನಲ್ಲೂ ಗೀರು. ಮೂರನೆಯದು ತೊಡೆಯ ಸ್ನಾಯು, ಅದರಲ್ಲೂ. ಎಂಟನೆಯದಕ್ಕೆ ಬರುವಷ್ಟರಲ್ಲಿ ಅವನು ಎಳೆಗಳನ್ನು ನೋಡುವುದು ಬಿಟ್ಟು ಗೀರನ್ನಷ್ಟೇ ಹುಡುಕತೊಡಗಿದ್ದ. ಪ್ರತಿಯೊಂದರಲ್ಲೂ ಅದು ಸಿಗುತ್ತಿತ್ತು. ಒಂಬತ್ತನೆಯದನ್ನು ಇಡುವ ಮೊದಲೇ ಕತ್ತರಿಸುವವನ ದನಿ ಕಿವಿಯಲ್ಲಿ ಕೇಳಿಸಿತು. ಮೂರು ತಿಂಗಳ ಹಿಂದೆ, ಕೈ ತೊಳೆಯುವ ತೊಟ್ಟಿಯ ಹತ್ತಿರ, ಕೇಳದಿದ್ದರೂ ಹೇಳಿದ್ದು. “ಬ್ಲೇಡ್ ಚಕ್ಕೆ ಎದ್ದಿದೆ ಸಾರ್. ಹೊಸದು ಬರೋಕೆ ಎರಡು ವಾರ ಅಂತೆ. ಗೋದಾಮಿನ ಇಲಿಗಳು ಬಂದು ರಾಶಿ ಬಿದ್ದಿವೆ, ಅದರಲ್ಲೇ ಕೊಯ್ತಾ ಇದೀನಿ. ಅವೂ ಎಲ್ಲಾ ಮುಗಿದ ಗಿರಾಕಿಗಳೇ ಬಿಡಿ, ಬೋನಿನವನು ಹೇಳ್ತಿದ್ದ, ಹಿಡಿದ್ರೆ ಕಚ್ಚೋಕೂ ತ್ರಾಣ ಇಲ್ವಂತೆ.” ಅವನು ಆಗ ಕೈ ಒರೆಸಿಕೊಂಡು, ಹೂಂ ಎಂದು ಬಂದಿದ್ದ. ಕೇಳಿಸಿಕೊಂಡದ್ದೂ ಅವನಿಗೆ ನೆನಪಿರಲಿಲ್ಲ. ನೆನಪಿಟ್ಟುಕೊಂಡದ್ದು ಅವನ ಕಣ್ಣು. ಗೀರು ಎಂದರೆ ಗೋದಾಮು, ಗೋದಾಮು ಎಂದರೆ ರೋಗ, ರೋಗ ಎಂದರೆ ಮೂರು. ತಕ್ಕಡಿ ಹೃದಯವನ್ನು ತೂಗಿರಲೇ ಇಲ್ಲ.

ಸುಳ್ಳು ಬರೆದಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಅವನು ಕಂಡದ್ದನ್ನೇ ಬರೆದಿದ್ದ. ಅವತ್ತು ಆ ನೀಲಿ ಗುಂಪು ಅವನ ಕಣ್ಣಿಗೆ ನಿಜವಾಗಿ ಕಂಡಿತ್ತು, ಈ ಮೇಜು ಕಾಣುವಷ್ಟು ನಿಜವಾಗಿ. ಹಾಗಾದರೆ ಇಪ್ಪತ್ತೆರಡು ವರ್ಷಗಳಲ್ಲಿ ಇನ್ನೆಷ್ಟು? ಗೀರಲ್ಲದಿದ್ದರೆ ಬಣ್ಣದ ಗಾಢತೆ, ಅಂಕಿ ಬರೆದವರ ಕೈ, ಯಾರೋ ಕಾರಿಡಾರಿನಲ್ಲಿ ಆಡಿದ ಮಾತು. ಬಾಯಿ ಬಿಟ್ಟು ಹೇಳಿದರೆ ಎಲ್ಲ ಹೊರಗೆ ಬರುತ್ತದೆ, ಹಳೆಯ ಪೆಟ್ಟಿಗೆಗಳನ್ನೆಲ್ಲ ಕಪಾಟಿನಿಂದ ಇಳಿಸುತ್ತಾರೆ, ಆ ಹುಡುಗಿ ಗುನುಗುತ್ತಾ ಅವನ ಆಯುಷ್ಯವನ್ನೆಲ್ಲ ಮತ್ತೆ ಓದುತ್ತಾಳೆ. ಹೇಳದಿದ್ದರೆ ರೋಗವೆಲ್ಲ ಗೋದಾಮಿನ ಕಡೆಯೇ ಎಂದು ವರದಿ ಹೋಗುತ್ತದೆ. ಗೋದಾಮಿನ ಬೀದಿಯ ಜನರನ್ನು ಸಾಲಾಗಿ ನಿಲ್ಲಿಸಿ ರಕ್ತ ತೆಗೆಯುತ್ತಾರೆ. ಕಾಲುವೆಯ ದಂಡೆಯವರನ್ನು ಏನಪ್ಪಾ ಎಂದು ಕೇಳುವವರಿಲ್ಲ. ಅವನು ತಟ್ಟೆಯನ್ನು ಇದ್ದ ಜಾಗದಲ್ಲಿ, ಇದ್ದ ಓರೆಯಲ್ಲೇ ಇಟ್ಟ. ಒಂದೂಕಾಲು ಗಂಟೆ ಉಳಿದಿತ್ತು. ಊಟದ ಡಬ್ಬಿ ಬಿಚ್ಚಿ, ಹಾಗೇ ಮುಚ್ಚಿದ.

ಜೋಡಿ ಸೂಕ್ಷ್ಮದರ್ಶಕ ದೊಡ್ಡವರ ಕೋಣೆಯಲ್ಲಿ. ಇಬ್ಬರು ಎದುರೆದುರು ಕೂತು ಒಂದೇ ಗಾಜನ್ನು ನೋಡಬಹುದು. ಒಳಗೆ ಬೆಳಕಿನದೊಂದು ಪುಟ್ಟ ಬಾಣವಿದೆ, ಹಿರಿಯ ಓದುಗ ಅದನ್ನು ಸರಿಸಿ ತೋರಿಸುತ್ತಾನೆ. ಹುಡುಗಿ ಕೂದಲನ್ನು ಹಿಂದಕ್ಕೆ ಕಟ್ಟಿ ಕೂತಳು. ದೊಡ್ಡವರು ಪಕ್ಕದಲ್ಲಿ ಪಟ್ಟಿ ಹಿಡಿದು ಪೆನ್ನಿನ ಮುಚ್ಚಳ ತೆಗೆದರು.

“ನೂರ ಹನ್ನೆರಡು. ಹೃದಯ. ನಿನ್ನದು ಮೂರು, ಇವಳದು ಸೊನ್ನೆ.” ಕನ್ನಡಕದ ಮೇಲಿಂದ ನೋಡಿದರು. “ಇಷ್ಟು ದೂರ ಹೇಗಾಯ್ತು ಅಂತ.”

ಆ ‘ಅಂತ’ದ ಆಚೆ ಇದ್ದದ್ದು ಅವನಿಗೆ ಕೇಳಿಸಿತು. ಹೇಳಲೆಂದು ಬಾಯಿ ತೆರೆದ. ಹೊರಬಂದದ್ದು ಬೇರೆ. “ಇಲ್ಲಿ ನೋಡಮ್ಮಾ” ಎಂದು ಬಾಣವನ್ನು ರಕ್ತನಾಳದ ಪಕ್ಕ ತಂದು ನಿಲ್ಲಿಸಿದ.

ಅವಳು ನೋಡಿದಳು. ಗುನುಗಿಲ್ಲ. “ಅದು ನಾಳದ್ದೇ ನ್ಯೂಕ್ಲಿಯಸ್ ಅಲ್ವಾ ಸರ್?”

“ಎಲ್ಲಾನೂ ಅಲ್ಲ.”

“ನನಗೆ...”

“ನಿನಗೆ ಏಳು ತಿಂಗಳು. ನೋಡ್ತಾ ನೋಡ್ತಾ ಗೊತ್ತಾಗುತ್ತೆ. ಸರಿಯಾಗಿ ನೋಡು, ಎಳೆ ಸಂದೀಲಿ.” ದನಿ ಎಷ್ಟು ಮೃದುವಾಗಿ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು. ಅವಳು ಎದುರಾಡುತ್ತಾಳೆ, ಈಗ ಪಟ್ಟಿಯ ಮಾತು ಎತ್ತುತ್ತಾಳೆ ಎಂದು ಅವನು ಕಾದ. ಎತ್ತಲಿ ಎಂದು ಒಳಗೊಳಗೇ ಬೇಡಿಕೊಂಡನೋ ಏನೋ. ಗಾಜಿನ ಮೇಲೆ ಎರಡು ಕಣ್ಣುಜೋಡಿ, ಕೆಳಗೆ ಯಾವ ತಂಟೆಗೂ ಹೋಗದೆ ಸತ್ತ ಒಂದು ಇಲಿಯ ಹೃದಯ.

“ಹೌದು ಸರ್” ಎಂದಳು ಅವಳು ಕೊನೆಗೆ. “ಈಗ ಕಾಣ್ತಾ ಇದೆ.”

“ಎರಡು ಅಂತ ಹಾಕೋಣ್ವಾ ಹಾಗಾದ್ರೆ?” ದೊಡ್ಡವರು ಬರೆದುಕೊಂಡರು. ಅವನಿಗೆ ಮೊದಲು ಆದದ್ದು ನಿರಾಳ. ಉಸಿರು ಪೂರ್ತಿ ಒಳಗೆ ಹೋಯಿತು. ಇಷ್ಟೇನಾ, ಇಷ್ಟಕ್ಕೇನಾ ಬೆಳಿಗ್ಗೆಯಿಂದ ಒದ್ದಾಡಿದ್ದು. ಇವಳು ಯಾವ ಪಟ್ಟಿಯನ್ನೂ ನೋಡಿರಲಿಲ್ಲ. ನೋಡಿದ್ದವಳು ಇಷ್ಟು ಬೇಗ ಸೋಲುತ್ತಿರಲಿಲ್ಲ.

ಮುಂದಿನದು ಐವತ್ತೆಂಟು. ಅವನು ಬಾಣ ಮುಟ್ಟುವ ಮೊದಲೇ ಅವಳು, “ಸರ್, ಇಲ್ಲೂ ಇದೆ ಅಲ್ವಾ? ಎಡಗಡೆ?” ಎಂದಳು. ಎಡಗಡೆ ಗೀರಿತ್ತು, ಬೇರೇನೂ ಇರಲಿಲ್ಲ. ಅವನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ದೊಡ್ಡವರು ಒಂದು ಎಂದು ಬರೆದರು. ಮೂರನೆಯದು ತೊಡೆಯ ಸ್ನಾಯು. ಅವಳ ಉಸಿರು ಕೇಳಿಸುವಷ್ಟು ಜೋರಾಗಿತ್ತು. “ಇದರಲ್ಲಿ ಜಾಸ್ತೀನೇ ಇದೆ. ಎಲ್ಲಾ ಕಡೆ ಇದೆ. ಇದಕ್ಕೆ ನಾನು ಹೇಗೆ ಸೊನ್ನೆ ಕೊಟ್ಟೆ ಸರ್? ಅವತ್ತು ನನಗೆ ಏನಾಗಿತ್ತು?” ಅವನು ನೋಡಿದ. ಅಷ್ಟು ಶುಭ್ರವಾದ ಸ್ನಾಯು ಆ ತಟ್ಟೆಯಲ್ಲೇ ಇರಲಿಲ್ಲ. ಕಣ್ಣು ಎತ್ತಿದ. ಅವಳು ಎತ್ತಲಿಲ್ಲ. ಭುಜ ಕಿವಿಯವರೆಗೆ ಏರಿತ್ತು, ಒಂದು ಕೈ ಮೇಜಿನ ಅಂಚನ್ನು ಹಿಡಿದು ಬೆರಳ ಗಂಟು ಬೆಳ್ಳಗಾಗಿತ್ತು. ಇಲ್ಲದ್ದನ್ನು ಕಾಣಲು ಹೀಗೆ ಕೂರಬೇಕಾಗುತ್ತದೆ. ಬುಧವಾರಗಳಂದು ಗಡಿಯಾರದ ಮುಂದೆ ತಾನು ಕೂತದ್ದೂ ಹೀಗೆಯೇ ಇರಬೇಕು. ಅವನಿಗೆ ತನ್ನ ಮೇಲೆ ಅಸಹ್ಯವಾಯಿತು.

“ಏನೂ ಇಲ್ಲ” ಎಂದ.

“ಏನು?” ಎಂದರು ದೊಡ್ಡವರು.

“ಇದರಲ್ಲಿ ಏನೂ ಇಲ್ಲ. ಐವತ್ತೆಂಟರಲ್ಲೂ ಇಲ್ಲ, ನೂರ ಹನ್ನೆರಡರಲ್ಲೂ ಇಲ್ಲ. ಇವಳು ಬರೆದದ್ದೇ ಸರಿ. ನಾನು ಗೀರು ನೋಡಿ ಕೊಟ್ಟಿದೀನಿ.”

ಹೇಳಿ ಮುಗಿಸಲು ಹತ್ತು ನಿಮಿಷ ಹಿಡಿಯಿತು. ಬ್ಲೇಡು, ಎರಡು ವಾರ, ಗೋದಾಮು, ತೊಟ್ಟಿಯ ಹತ್ತಿರದ ಮಾತು, ಕೊನೆಗೆ ಮಧ್ಯಾಹ್ನ ಕದ್ದು ತಟ್ಟೆ ಎಳೆದದ್ದು. ಕತ್ತರಿಸುವವನದೇನೂ ತಪ್ಪಿಲ್ಲ ಎಂದು ಎರಡು ಸಲ ಹೇಳಿದ. ದೊಡ್ಡವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಆಮೇಲೆ ಎದ್ದು ಕಿಟಕಿಯ ಹತ್ತಿರ ಹೋದರು. ಬೆಳಿಗ್ಗೆ ಬಾಕಿ ಉಳಿದಿದ್ದ ಕಿಟಕಿ.

“ಬೇರೆಯವರ ಕೈಲಿ ಮತ್ತೆ ಓದಿಸ್ಬೇಕಾಗುತ್ತೆ.”

“ಓದಿಸಿ.”

“ಹಳೇವೂನೂ.”

“ಹಳೇವೂನೂ” ಎಂದ ಅವನು.

“ನೀನು ಒಂದಷ್ಟು ದಿನ...” ಎಂದು ದೊಡ್ಡವರು ಅಲ್ಲಿಗೇ ಬಿಟ್ಟರು. ತಕ್ಕಡಿ ಎನ್ನಲಿಲ್ಲ. ಇನ್ನು ಅನ್ನುವುದೂ ಇಲ್ಲ.

ಹುಡುಗಿ ಕಾರಿಡಾರಿನಲ್ಲಿ ಅವನ ಹಿಂದೆಯೇ ಬಂದಳು. ಸಮಾಧಾನ ಹೇಳುತ್ತಾಳೆ ಎಂದು ಅವನು ಹೆದರಿ ಬೇಗ ಬೇಗ ಹೆಜ್ಜೆ ಹಾಕಿದ. ಅವಳು ಮುಂದೆ ಬಂದು ಅಡ್ಡ ನಿಂತಳು. ಕಣ್ಣು ಕೆಂಪಗಾಗಿತ್ತು, ಅದರಲ್ಲಿ ಕನಿಕರವಿರಲಿಲ್ಲ, ಸಿಟ್ಟಿತ್ತು. “ಮೂರನೇದರಲ್ಲಿ ನನಗೆ ನಿಜವಾಗ್ಲೂ ಕಾಣಿಸ್ತು ಸರ್. ನಿಮ್ಮನ್ನ ಮೆಚ್ಚಿಸೋಕೆ ಹೇಳಿದ್ದಲ್ಲ. ನಿಜವಾಗ್ಲೂ ನೀಲಿ ಕಾಣಿಸ್ತು.”

“ನನಗೂ ಕಾಣಿಸಿತ್ತಮ್ಮಾ.”

“ಮತ್ತೆ ನಾಳೆಯಿಂದ ನಾನು ಹೇಗೆ ನೋಡ್ಲಿ?”

ಯಾರ ಮಾತನ್ನೂ ಕೇಳಬೇಡ, ನನ್ನದನ್ನೂ, ಎಂದು ಹೇಳಬಹುದಿತ್ತು. ಹಾಗೆ ಹೇಳುವುದೂ ಇನ್ನೊಂದು ಮಾತೇ ಆಗುತ್ತಿತ್ತು. “ಗುನುಗ್ತಾ ನೋಡು” ಎಂದ. ಅವಳಿಗೆ ಅರ್ಥವಾಗಲಿಲ್ಲ. ಗೇಲಿ ಮಾಡುತ್ತಿದ್ದಾನೆಂದು ತಿಳಿದು ಮುಖ ತಿರುಗಿಸಿ ಹೋದಳು.

ಬಸ್ಸಿನಿಂದ ಎರಡು ಸ್ಟಾಪ್ ಮೊದಲೇ ಇಳಿದದ್ದು ಅವನು ಬೇಕೆಂದು ಮಾಡಿದ್ದಲ್ಲ, ಕಾಲು ಇಳಿಯಿತು. ಬೀಗದ ಅಂಗಡಿ, ಹಾಸಿಗೆ ಹೊಲಿಯುವವನ ಅಂಗಡಿ, ಗೋಡೆಗೆ ಒರಗಿಸಿಟ್ಟ ಏಣಿಗಳು, ಒಂದು ಮನೆಯ ಮೆಟ್ಟಿಲ ಮೇಲೆ ಕೂತು ಬೂಟಿಗೆ ದಾರ ಕಟ್ಟುತ್ತಿದ್ದ ಮುದುಕ. ನೋಡಲು ಏನೂ ಇಲ್ಲದ ಬೀದಿ. ಒಂಬತ್ತು ವರ್ಷ ಈ ಬೀದಿಯಲ್ಲಿ ಹೆಂಡತಿ ಏನು ನೋಡುತ್ತಾ ಬರುತ್ತಾಳೋ ಅವನು ಒಂದು ದಿನವೂ ಕೇಳಿರಲಿಲ್ಲ. ಮನೆ ತಲುಪಿದಾಗ ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಅವಳು ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಮೇಜಿನ ಮೇಲೆ ಚೀಲ, ಬಾಯಿ ಅವನ ಕುರ್ಚಿಯ ಕಡೆಗೆ.

ಅವನು ಕೂರಲಿಲ್ಲ. ನಿಂತೇ ಚೀಲವನ್ನು ಹತ್ತಿರ ಎಳೆದುಕೊಂಡು, ಒಳಗೆ ನೋಡದೆ, ಜಿಪ್ಪಿನ ತುದಿ ಹಿಡಿದು ಎಳೆದ. ಅದು ಬರಲಿಲ್ಲ. ಇನ್ನೊಮ್ಮೆ ಎಳೆದ. ಹಲ್ಲುಗಳಿಗೆ ಕಿಲುಬು ಹಿಡಿದು ಹಸಿರುಗಟ್ಟಿತ್ತು. ಜೇಬಿನಿಂದ ಮೇಣದ ಚೂರು ತೆಗೆದು ಹಲ್ಲುಗಳ ಉದ್ದಕ್ಕೂ ಉಜ್ಜತೊಡಗಿದ, ಒಂದು ಸಾಲು, ಇನ್ನೊಂದು ಸಾಲು. ನೀರಿನ ಸದ್ದು ನಿಂತಿತು. ತಲೆ ಎತ್ತಿದರೆ ಅವಳು ಬಾಗಿಲಲ್ಲಿ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ನಿಂತಿದ್ದಳು. ಅವನ ಕೈ ಮತ್ತೆ ಅವಳ ಚೀಲದಲ್ಲಿತ್ತು.

“ಮುಚ್ತಾ ಇದೀನಿ” ಎಂದ, ಕೇಳದಿದ್ದರೂ.

“ಅದು ಮುಚ್ಚಕ್ಕೆ ಬರಲ್ಲ ಬಿಡಿ. ಹೋಗಿ ಎಷ್ಟು ವರ್ಷ ಆಯ್ತು.”

“ಏನು ಹೋಗಿ?”

“ಜಿಪ್ಪು. ಮೊದಲು ನಾನೇ ಬೇಕೂಂತ ತೆರೆದಿಟ್ಟೆ, ಸಿಟ್ಟಿತ್ತು. ಒಂದು ಹತ್ತು ದಿನ ಇಟ್ಟೆನೇನೋ. ಆಮೇಲೆ ಹಾಕಕ್ಕೆ ಹೋದ್ರೆ ಅದೇ ಕೂತುಬಿಡ್ತು. ಬಸ್ಸಲ್ಲಿ ಕಂಕುಳಲ್ಲಿ ಒತ್ತಿ ಹಿಡ್ಕೊಂಡು ಹಿಡ್ಕೊಂಡು ತೋಳೇ ನೋವು ಬಂದಿದೆ ನನಗೆ.”

ಅವನು ಕುರ್ಚಿಗೆ ಕುಸಿದ. ಹತ್ತು ದಿನ. ಉಳಿದ ಒಂಬತ್ತು ವರ್ಷ ಅವನೊಬ್ಬನೇ ಆ ಚೀಲದ ಮುಂದೆ ತಲೆ ತಗ್ಗಿಸಿ ಊಟ ಮಾಡಿದ್ದ. “ಹೇಳೋದಲ್ವಾ?”

“ನಿಮಗೆ ಅದರ ಒಳಗಿರೋದರದ್ದೇ ಚಿಂತೆ ಅಂದ್ಕೊಂಡಿದ್ದೆ.”

ಅವನಿಗೆ ನಗು ಬಂತೋ ಅಳು ಬಂತೋ, ಮುಖ ಎರಡಕ್ಕೂ ಸಿದ್ಧವಾಗಿ ಯಾವುದೂ ಆಗದೆ ನಿಂತಿತು. “ಅವತ್ತು ಇದರಲ್ಲಿ ಏನೂ ಇರಲಿಲ್ಲ” ಎಂದ. ಇವತ್ತು ಮೂರು ಗಂಟೆಯಿಂದ ಅದೇ ಮಾತನ್ನು ಹೇಳುತ್ತಾ ಬಂದಿದ್ದೇನೆ ಎನ್ನಿಸಿತು.

“ಯಾಕೆ, ಪೆಪ್ಪರ್‌ಮಿಂಟ್ ಇತ್ತಲ್ಲ. ಲ್ಯಾಬಿನ ಔಷಧಿ ವಾಸನೆಗೆ ಗಂಟಲು ಕೆರೆಯುತ್ತೆ ಅಂತಿದ್ರಿ ಆಗ. ಬುಧವಾರ ದಾರೀಲಿ ಒಂದು ಅಂಗಡೀಲಿ ಒ‍ಳ್ಳೇದು ಸಿಕ್ತಿತ್ತು, ನಿಮಗೇ ಅಂತ ತಂದಿದ್ದು.” ಅವಳು ಬಂದು ಎದುರು ಕುರ್ಚಿಯಲ್ಲಿ ಕೂತು ಚೀಲದ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದಳು. “ಕೊಡೋಣ ಅನ್ನೋಷ್ಟರಲ್ಲಿ ನೀವು ಟಿಕೆಟ್ ಬಿಡಿಸ್ತಾ ಇದ್ರಿ. ಹೂಂ, ಎಳೀರಿ ಈಗ.”

ಅವನು ಎಳೆದ. ಮೇಣ ಹತ್ತಿದ ಹಲ್ಲುಗಳು ಒಂದೊಂದಾಗಿ ಕಚ್ಚಿಕೊಳ್ಳುತ್ತಾ ನಾಲ್ಕು ಬೆರಳಷ್ಟು ದೂರ ಬಂದು, ಅಲ್ಲಿ ನಿಂತವು. ಇನ್ನೊಂದಿಷ್ಟು ಮೇಣ ಹಚ್ಚಿ ನೋಡಿ ಎಂದಳು ಅವಳು. ಅವನು ಹಚ್ಚಿದ.